ಸಾದಾ ಬಟನ್ ಪೆಟ್ಟಿಗೆ ಸಾಕೇ, ಎಲ್ಲ ಇರುವುದೇ ಬೇಕೇ?

ಪ್ರಶ್ನೆ: ನಾಲ್ಕು ವರ್ಷದಿಂದ ದಾವಣಗೆರೆ ಸುತ್ತಮುತ್ತ ಆರತಕ್ಷತೆ, ಕಾಲೇಜು ಫೆಸ್ಟ್‌ಗಳಿಗೆ ಡಿಜೆ ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್‌ಬಾಕ್ಸ್ ಎಂಬ ಡಿಜೆ ಸಾಫ್ಟ್‌ವೇರ್, ಜೊತೆಗೆ ಅದನ್ನು ನಡೆಸಲು ಪಯೋನಿಯರ್ ಡಿಡಿಜೆ-400 ಕಂಟ್ರೋಲರ್ ಇದೆ. ಸ್ಯಾಂಪಲ್ (ಮೊದಲೇ ತುಂಬಿಟ್ಟ ಸಣ್ಣ ಸದ್ದು), ಕ್ಯೂ (ಹಾಡಿನಲ್ಲಿ ಗುರುತಿಟ್ಟ ಜಾಗ), ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು) ಇವುಗಳಿಗೆಂದು ಇನ್ನೊಂದು ಬಟನ್ ಕಂಟ್ರೋಲರ್ ತಗೋಬೇಕು ಅಂತಿದ್ದೇನೆ. 16 ಬಟನ್‌ನ ಸಾದಾದ್ದು ಒಂದಿದೆ. ಅದರ ಮೂರು ಪಟ್ಟು ಬೆಲೆಗೆ ಬ್ಯಾಂಕ್ (ಅವೇ ಬಟನ್‌ಗಳಿಗೆ ಬೇರೆ ಬೇರೆ ಕೆಲಸಗಳ ಸೆಟ್), ಬಣ್ಣದ ಲೈಟು, ಒತ್ತಡ ಗ್ರಹಿಸುವ ಪ್ಯಾಡ್, ಅಲುಗಾಡಿಸಿದರೆ ಫಿಲ್ಟರ್ ತಿರುಗುವುದು ಎಲ್ಲ ಇರುವುದೂ ಸಿಗುತ್ತದೆ. ಮುಂದೆ ಬೇಕಾಗಬಹುದು ಅಂತ ದೊಡ್ಡದನ್ನೇ ತಗೊಳ್ಳಲೇ? ಇನ್ನೊಂದು ಮಾತು, ಕತ್ತಲಲ್ಲಿ ಸರಿಯಾದ ಬಟನ್ ಕೈಗೆ ಸಿಗುವುದೇ ಇಲ್ಲ. ಅದಕ್ಕೇನಾದರೂ ಉಪಾಯ ಇದೆಯೇ?

ಉತ್ತರ: ಅಂಗಡಿಗೆ ಹೋಗುವ ಮೊದಲು ನಿಮ್ಮ ಮೇಜಿನ ಮೇಲಿರುವುದನ್ನೇ ಎಣಿಸಿಬಿಡೋಣ. ಡಿಡಿಜೆ-400ರಲ್ಲಿ ಒಂದು ಡೆಕ್‌ಗೆ, ಅಂದರೆ ಒಂದು ಹಾಡು ಓಡಿಸುವ ಭಾಗಕ್ಕೆ, 8 ಪ್ಯಾಡ್. ಅವುಗಳ ಮೇಲೆ ನಾಲ್ಕು ಮೋಡ್ ಬಟನ್, ಶಿಫ್ಟ್ ಹಿಡಿದರೆ ಇನ್ನೂ ನಾಲ್ಕು ಮೋಡ್. ಎಂಟೆಂಟಲೆ ಅರವತ್ನಾಲ್ಕು, ಎರಡು ಡೆಕ್‌ಗೆ 128. ಅಷ್ಟು ಕೆಲಸಗಳು ಈಗಲೇ ನಿಮ್ಮ ಬೆರಳ ತುದಿಯಲ್ಲಿವೆ. ಕಳೆದ ಸಲದ ಆರತಕ್ಷತೆಯಲ್ಲಿ ಎಷ್ಟನ್ನು ಒತ್ತಿದಿರಿ? ನನ್ನ ಬಳಿ ಕಲಿಯಲು ಬರುವವರನ್ನು ಕೇಳಿದರೆ ಸಾಮಾನ್ಯವಾಗಿ ಹತ್ತೋ ಹನ್ನೆರಡೋ ಅನ್ನುತ್ತಾರೆ.

ಹಾಗಾದರೆ ಕೊರತೆ ಇರುವುದು ಬಟನ್‌ಗಳ ಲೆಕ್ಕದಲ್ಲಲ್ಲ. ಪ್ಯಾಡ್ ಒತ್ತಿದರೆ ಹಾಡು ಗುರುತಿಟ್ಟ ಜಾಗಕ್ಕೆ ಹಾರುವ ಹಾಟ್ ಕ್ಯೂ ಮೋಡ್‌ನಲ್ಲಿದ್ದೀರಿ, ಥಟ್ಟನೆ ಒಂದು ಸ್ಯಾಂಪಲ್ ಬೇಕು. ಮೋಡ್ ಬದಲಿಸಬೇಕು, ಒತ್ತಬೇಕು, ಮತ್ತೆ ಹಾಟ್ ಕ್ಯೂಗೆ ಮರಳಬೇಕು. ಮರಳುವುದನ್ನು ಮರೆತಿರೋ, ಪಲ್ಲವಿಗೆ ಹಾರಬೇಕಾದ ಬೆರಳು ಸೈರನ್ ಊದಿಸುತ್ತದೆ. ಎರಡನೆಯ ಪೆಟ್ಟಿಗೆ ಬೇಕಾಗುವುದು ಈ ಓಡಾಟ ತಪ್ಪಿಸಲಿಕ್ಕೆ. ಕಂಟ್ರೋಲರ್ ಮೇಲಿನ ಪ್ಯಾಡ್‌ಗಳು ಇಡೀ ರಾತ್ರಿ ಹಾಟ್ ಕ್ಯೂಗೇ ಮೀಸಲು, ಸ್ಯಾಂಪಲ್ ಮತ್ತು ಲೂಪ್ ಪಕ್ಕದ ಪೆಟ್ಟಿಗೆಗೆ. ಒಂದು ಬಟನ್‌ಗೆ ಒಂದೇ ಕೆಲಸ.

ಈಗ ನೀವು ಹೇಳುವ ದೊಡ್ಡ ಪೆಟ್ಟಿಗೆಯನ್ನು ಈ ಕಣ್ಣಿನಿಂದ ನೋಡಿ. ಅದರ ಹೆಗ್ಗಳಿಕೆಯೇ ನಾಲ್ಕು ಬ್ಯಾಂಕ್, 16 ಬಟನ್‌ನಲ್ಲಿ 64 ಕೆಲಸ. ಅಂದರೆ ಯಾವ ಕಾಟ ತಪ್ಪಿಸಿಕೊಳ್ಳಲು ದುಡ್ಡು ಹಾಕುತ್ತಿದ್ದೀರೋ ಅದೇ ಕಾಟ ಇನ್ನೊಂದು ಡಬ್ಬಿಯಲ್ಲಿ ಮನೆಗೆ ಬರುತ್ತದೆ.

ಇದು ನಾನು ಅನುಭವಿಸಿ ಹೇಳುತ್ತಿರುವ ಮಾತು. ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ಛತ್ರ. ಹುಡುಗಿ ಮೆಟ್ಟಿಲ ಹತ್ತಿರ ಬಂದು ನಿಂತಿದ್ದಾಳೆ, ಫೋಟೋದವರು ಕೈ ಎತ್ತಿ ಸನ್ನೆ ಮಾಡಿದರು. ನಾನು ಬ್ಯಾಂಕ್ ಒಂದರಲ್ಲಿದ್ದೇನೆ ಅಂದುಕೊಂಡು ಮೇಲಿನ ಸಾಲಿನ ಮೊದಲ ಬಟನ್ ಒತ್ತಿದೆ. ಪೆಟ್ಟಿಗೆ ಇದ್ದದ್ದು ಬ್ಯಾಂಕ್ ಮೂರರಲ್ಲಿ. ನಾದಸ್ವರದ ಬದಲು ಏರ್‌ಹಾರ್ನ್ ಮೊಳಗಿತು. ಮುಂದಿನ ಸಾಲಿನ ಅಜ್ಜಿಯರು ಬೆಚ್ಚಿಬಿದ್ದರು, ಹುಡುಗಿಯ ಅಣ್ಣ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ತಪ್ಪು ಪೆಟ್ಟಿಗೆಯದಲ್ಲ, ನನ್ನದೇ. ಮಾರನೆಯ ದಿನವೇ ಕೂತು ಬ್ಯಾಂಕ್ ಎರಡು, ಮೂರು, ನಾಲ್ಕನ್ನು ಪೂರ್ತಿ ಖಾಲಿ ಮಾಡಿದೆ. ನಾಲ್ಕು ಬ್ಯಾಂಕ್‌ಗೆ ದುಡ್ಡು ಕೊಟ್ಟು ಒಂದನ್ನು ಬಳಸುತ್ತಿರುವ ಜಾಣ ನಾನು.

ಹಾಗೆಂದು ದುಬಾರಿಯದೆಲ್ಲ ದಂಡ ಅಂತ ನಾನು ಹೇಳುವುದಿಲ್ಲ. ‘ಸಾದಾ’, ‘ಅಡ್ವಾನ್ಸ್ಡ್’ ಎಂಬ ಅಂಗಡಿಯ ವಿಂಗಡಣೆಯೇ ದಾರಿ ತಪ್ಪಿಸುತ್ತದೆ. ಈ ಪೆಟ್ಟಿಗೆಗಳು ಬೇರೆ ಬೇರೆ ಮನೆತನದವು, ಅದನ್ನು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ಒಂದು, ಎಂಪಿಸಿ ಮನೆತನ. ರೋಜರ್ ಲಿನ್ ವಿನ್ಯಾಸ ಮಾಡಿ ಅಕಾಯ್ ಕಂಪನಿ 1988ರಲ್ಲಿ ತಂದ ಎಂಪಿಸಿ-60ರಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ರಬ್ಬರ್ ಪ್ಯಾಡ್. ಅದು ಹುಟ್ಟಿದ್ದೇ ಬೆರಳಿನಲ್ಲಿ ಡ್ರಮ್ ಬಾರಿಸಲಿಕ್ಕೆ. ಮೆಲ್ಲಗೆ ತಟ್ಟಿದರೆ ಮೆಲ್ಲಗೆ, ಜೋರಾಗಿ ಹೊಡೆದರೆ ಜೋರಾಗಿ. ಎರಡನೆಯದು ಗ್ರಿಡ್ ಮನೆತನ. 2006ರಲ್ಲಿ ಮೊನೋಮ್ ಎಂಬ ಪೆಟ್ಟಿಗೆ ಬಂತು: ಹೆಸರಿಲ್ಲದ ಒಂದೇ ಥರದ ಬಟನ್‌ಗಳು, ಕೆಳಗೆ ದೀಪ, ಅಷ್ಟೇ. ಯಾವ ಬಟನ್ ಏನು ಮಾಡಬೇಕೆಂದು ನೀವೇ ಹೇಳಬೇಕು. 2009ರ ನೊವೇಷನ್ ಲಾಂಚ್‌ಪ್ಯಾಡ್ ಆ ಆಲೋಚನೆಯನ್ನು ಸಾಮಾನ್ಯರ ಕೈಗೆಟುಕುವ ಬೆಲೆಗೆ ಇಳಿಸಿತು. ಮೂರನೆಯದು ವಿಡಿಯೋ ಗೇಮ್ ಮನೆತನ. ಡಿಜೆ ಟೆಕ್‌ಟೂಲ್ಸ್‌ನವರ ಮಿಡಿ ಫೈಟರ್‌ಗಳಲ್ಲಿ ಇರುವುದು ಜಪಾನಿನ ಸಾನ್ವಾ ಕಂಪನಿಯ ಆರ್ಕೇಡ್ ಬಟನ್, ಗೇಮ್ ಪಾರ್ಲರ್‌ಗಳಲ್ಲಿ ಹುಡುಗರು ದಿನವಿಡೀ ಕುಟ್ಟಿದರೂ ತಾಳುವಂಥದ್ದು.

ಇನ್ನೂ ಒಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನೊವೇಷನ್‌ನವರದೇ ಡೈಸರ್, 2010ರದ್ದು. ಟೆಕ್ನಿಕ್ಸ್ ಟರ್ನ್‌ಟೇಬಲ್‌ನ ಮೂಲೆಯಲ್ಲಿ 45ರ ರೆಕಾರ್ಡಿನ ಅಡಾಪ್ಟರ್ ಇಡುವ ಕುಳಿಯಿದೆಯಲ್ಲ, ಅದರೊಳಗೆ ಸರಿಯಾಗಿ ಕೂರುವ ಪುಟ್ಟ ಪೆಟ್ಟಿಗೆ. ದಾಳದ ಐದರ ಚುಕ್ಕಿಗಳಂತೆ ಐದು ಬಟನ್, ಮೋಡ್ ಬದಲಿಸಲು ಮೂರು ಪುಟ್ಟವು. ಸ್ಕ್ರಾಚ್ ಮಾಡುವವನು ಕ್ಯೂ ಒತ್ತಲು ಲ್ಯಾಪ್‌ಟಾಪ್‌ವರೆಗೆ ಕೈ ಚಾಚಬೇಕಿತ್ತು, ಆ ಒಂದು ತೊಂದರೆಯನ್ನು ಅದು ನೀಗಿತು. ಅದರ ತಯಾರಿಕೆ ಈಗ ನಿಂತಿದೆ. ಅಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಬಟನ್ ಪೆಟ್ಟಿಗೆ ನಾನು ಇನ್ನೊಂದು ನೋಡಿಲ್ಲ.

ಈಗ ಬೆಲೆಯ ಪಟ್ಟಿ ನೋಡಿದರೆ ತಮಾಷೆ ತಿಳಿಯುತ್ತದೆ. ಅಕಾಯ್ ಎಲ್‌ಪಿಡಿ-8 ಎಂಬ ಅಗ್ಗದ ಪೆಟ್ಟಿಗೆಯಲ್ಲಿ ಎಂಟೇ ಪ್ಯಾಡ್, ಆದರೆ ಹೊಡೆತದ ಜೋರು ಅದಕ್ಕೆ ಗೊತ್ತಾಗುತ್ತದೆ. ಕೋರ್ಗ್ ನ್ಯಾನೋಪ್ಯಾಡ್-2ಕ್ಕೂ ಹಾಗೆಯೇ. ಲಾಂಚ್‌ಪ್ಯಾಡ್ ಮಿನಿ ಎಂಕೆ-3ರಲ್ಲಿ ಬಣ್ಣಬಣ್ಣದ 64 ಪ್ಯಾಡ್ ಇವೆ, ಜೋರು ಗೊತ್ತಾಗುವುದಿಲ್ಲ. ಅದು ಬೇಕೆಂದರೆ ಲಾಂಚ್‌ಪ್ಯಾಡ್ ಎಕ್ಸ್‌ಗೆ ಹೋಗಬೇಕು. ಇವುಗಳಿಗಿಂತ ದುಬಾರಿಯಾದ ಮಿಡಿ ಫೈಟರ್‌ನ ಆರ್ಕೇಡ್ ಬಟನ್ನಿಗಂತೂ ಮೆಲ್ಲಗೆ, ಜೋರಾಗಿ ಎಂಬ ಭೇದವೇ ಇಲ್ಲ. ಸ್ವಿಚ್ ಕೂಡಿತೋ ಇಲ್ಲವೋ, ಎರಡೇ ಉತ್ತರ. ಆದ್ದರಿಂದ ದುಡ್ಡು ಜಾಸ್ತಿ ಕೊಟ್ಟರೆ ಎಲ್ಲವೂ ಸಿಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೊಡೆತದ ಜೋರು ನಿಮಗೆ ಬೇಕೇ? ಹಾಡುಗಳನ್ನು ಬೆಸೆಯುವುದು, ನಡುನಡುವೆ ಒಂದು ಸ್ಯಾಂಪಲ್ ಬಿಡುವುದು ಇಷ್ಟೇ ನಿಮ್ಮ ಕೆಲಸವಾದರೆ ಬೇಡ, ತೊಂದರೆಯೇ ಹೆಚ್ಚು. ಪ್ಯಾಡ್‌ನ ಕೆಳಗೆ ಒತ್ತಿದಷ್ಟೂ ವಿದ್ಯುತ್ ರೋಧ ಕಡಿಮೆಯಾಗುವ ಒಂದು ಪದರ ಇರುತ್ತದೆ. ಎಷ್ಟು ಒತ್ತಿದರೆ ‘ಹೊಡೆತ’ ಎಂದು ಲೆಕ್ಕ ಹಿಡಿಯಬೇಕು ಎಂಬ ಗಡಿಯನ್ನು ಒಳಗಿನ ಚಿಪ್ಪು ಇಟ್ಟುಕೊಂಡಿರುತ್ತದೆ. ಗಡಿ ಮೇಲಿದ್ದರೆ ಮೆಲುಸ್ಪರ್ಶ ಕಳೆದುಹೋಗುತ್ತದೆ, ಕೆಳಗಿದ್ದರೆ ಒಂದು ಹೊಡೆತ ಎರಡಾಗಿ ಕೇಳುತ್ತದೆ. ಅವಸರದಲ್ಲಿ ಸ್ಯಾಂಪಲ್ ಒತ್ತಿದಾಗ ಅದು ಅರ್ಧ ದನಿಯಲ್ಲಿ ಬಂದರೆ ಯಾರಿಗೆ ಬೇಕು? ಜೋರು ಗ್ರಹಿಸುವ ಪ್ಯಾಡ್ ಕೊಂಡ ಡಿಜೆಗಳಲ್ಲಿ ಎಷ್ಟೋ ಮಂದಿ ಮೊದಲು ಮಾಡುವ ಕೆಲಸ, ಹೇಗೆ ಹೊಡೆದರೂ ಪೂರ್ತಿ 127 ಹೋಗುವಂತೆ ಅದನ್ನು ಸೆಟ್ ಮಾಡುವುದು. ಪೆಟ್ಟಿಗೆಯೂ ಕಂಪ್ಯೂಟರೂ ಮಾತಾಡುವ ಭಾಷೆಯಾದ ಮಿಡಿಯಲ್ಲಿ ಹೊಡೆತದ ಅಳತೆ ಅಲ್ಲಿಗೆ ಮುಗಿಯುತ್ತದೆ.

ತಮಟೆ ಸ್ಯಾಂಪಲ್‌ಗಳನ್ನು ಹಾಡಿನ ಮೇಲೆ ಕೈಯಲ್ಲೇ ನುಡಿಸುತ್ತೀರಾದರೆ ಮಾತು ಬೇರೆ. ನಿಮ್ಮ ಕಡೆ ಗಣೇಶನ ಮೆರವಣಿಗೆಗೆ ಆ ಬೇಡಿಕೆ ಇದ್ದೇ ಇರುತ್ತದೆ. ತಮಟೆಯ ಜೀವ ಇರುವುದು ಏರಿಳಿತದಲ್ಲಿ, ದಪ್ಪ ಕೋಲಿನ ಪೆಟ್ಟಿನ ನಡುವೆ ತೆಳುಕೋಲು ತುಂಬುವ ಸಣ್ಣ ಪೆಟ್ಟುಗಳಲ್ಲಿ. ಎಲ್ಲ ಪೆಟ್ಟೂ ಒಂದೇ ಜೋರಿನಲ್ಲಿ ಬಿದ್ದರೆ ಹಿಟ್ಟಿನ ಗಿರಣಿ ಓಡಿದ ಹಾಗಿರುತ್ತದೆ. ಆಗ ಜೋರು ಗ್ರಹಿಸುವ ಪ್ಯಾಡೇ ಬೇಕು, ಎಂಟಿದ್ದರೂ ಸಾಕು. ಜೊತೆಗೆ, ಒತ್ತಿದ್ದನ್ನು ಹತ್ತಿರದ ಬೀಟಿಗೆ ಎಳೆದು ಕೂರಿಸುವ ಕ್ವಾಂಟೈಸ್ ಆಫ್ ಮಾಡಿಕೊಳ್ಳಿ. ಅದು ಬೀಟನ್ನು ಎರಡು, ನಾಲ್ಕು ಅಂತ ಕತ್ತರಿಸುತ್ತದೆ, ಕುಣಿತದ ತಮಟೆ ಮೂರಾಗಿ ನಡೆಯುತ್ತದೆ. ನೀವು ಸರಿಯಾಗಿ ಹೊಡೆದ ಪೆಟ್ಟನ್ನು ಕಂಪ್ಯೂಟರ್ ತಿದ್ದಲು ಹೋಗಿ ಕೆಡಿಸುತ್ತದೆ.

ಕ್ವಾಂಟೈಸ್ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹಾಡನ್ನು ಬೀಟ್ ಲೆಕ್ಕದಲ್ಲಿ ತುಂಡರಿಸುವ, ಸುತ್ತಿಸುವ, ಹಾರಿಸುವ ಸ್ಲೈಸರ್, ರೋಲ್, ಬೀಟ್‌ಜಂಪ್ ಮುಂತಾದವು ದೊಡ್ಡ ಪೆಟ್ಟಿಗೆಗಳ ಜಾಹೀರಾತಿನಲ್ಲಿ ಮಿಂಚುತ್ತವೆ. ಅವೆಲ್ಲ ನಿಂತಿರುವುದು ಬೀಟ್‌ಗ್ರಿಡ್ ಮೇಲೆ, ಅಂದರೆ ಹಾಡಿನ ಬೀಟ್‌ಗಳಿಗೆ ಸಾಫ್ಟ್‌ವೇರ್ ಎಳೆಯುವ ಗೆರೆಗಳ ಮೇಲೆ. ಯಂತ್ರದಲ್ಲಿ ಹುಟ್ಟಿದ ಹೌಸ್, ಟೆಕ್ನೋ ಹಾಡಿಗೆ ಗ್ರಿಡ್ ಗೆರೆ ಎಳೆದಂತೆ ಕೂರುತ್ತದೆ. ನಮ್ಮ ಜನ ಕೇಳುವುದು ಏನನ್ನು? ರಾತ್ರಿ ಒಂಬತ್ತೂವರೆಗೆ ಹುಡುಗನ ಚಿಕ್ಕಪ್ಪ ಬಂದು ಎಂಬತ್ತರ ದಶಕದ ಹಾಡು ಕೇಳುತ್ತಾರೆ. ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ ಆ ಧ್ವನಿಮುದ್ರಿಕೆಗಳಲ್ಲಿ ಲಯ ಉಸಿರಾಡುತ್ತದೆ, ಪಲ್ಲವಿಯಲ್ಲಿ ಒಂದು ವೇಗ, ಚರಣ ಮುಗಿಯುವಾಗ ಕೂದಲೆಳೆಯಷ್ಟು ಹೆಚ್ಚು. ಗ್ರಿಡ್ ಜಾರುತ್ತದೆ, ಅದರ ಮೇಲೆ ಸ್ಲೈಸರ್ ಒತ್ತಿದರೆ ತಾಳ ಕುಂಟುತ್ತದೆ. ರೆಕಾರ್ಡ್‌ಬಾಕ್ಸ್‌ನ ವಿಶ್ಲೇಷಣೆಯನ್ನು ‘ಡೈನಾಮಿಕ್’ಗೆ ಇಟ್ಟರೆ ತಕ್ಕಮಟ್ಟಿಗೆ ಸರಿಹೋಗುತ್ತದೆ, ಪೂರ್ತಿ ಅಲ್ಲ. ಅಂಥ ಹಾಡಿಗೆ ಬೇಕಾಗುವುದು ಕಿವಿಯಿಂದ ಇಟ್ಟ ಹಾಟ್ ಕ್ಯೂ. ನಾನು ಎಲ್ಲ ಸಿನಿಮಾ ಹಾಡಿಗೂ ಒಂದೇ ಕ್ರಮ ಇಟ್ಟುಕೊಂಡಿದ್ದೇನೆ: ಒಂದನೇ ಪ್ಯಾಡ್ ಶುರುವಿನ ಬಿಜಿಎಂ, ಎರಡು ಪಲ್ಲವಿ, ಮೂರು ನಡುವಿನ ಬಿಜಿಎಂ, ನಾಲ್ಕು ಚರಣ, ಐದು ಕೊನೆಯ ಪಲ್ಲವಿ. ಉಳಿದ ಮೂರು ಆ ಹಾಡಿಗೆ ಬೇಕಾದ ಹಾಗೆ. ಯಾವ ಹಾಡು ಹಾಕಿದರೂ ಎರಡನೇ ಪ್ಯಾಡ್ ಪಲ್ಲವಿಯೇ. ಇದಕ್ಕೆ ನಿಮ್ಮಲ್ಲಿರುವ ಎಂಟೇ ಸಾಕು.

ಇನ್ನು ಅಲುಗಾಡಿಸುವ ವಿಷಯ. ಮಿಡಿ ಫೈಟರ್ 3ಡಿಯನ್ನು ಕೈಯಲ್ಲಿ ಹಿಡಿದು ವಾಲಿಸಿದರೆ, ತಿರುಗಿಸಿದರೆ ಒಳಗಿನ ಸೆನ್ಸರ್ ಅದನ್ನು ಮಿಡಿ ಸಂದೇಶ ಮಾಡಿ ಕಳಿಸುತ್ತದೆ. ಬಟನ್, ನಾಬ್‌ಗಳನ್ನೇ ವಾದ್ಯ ಮಾಡಿಕೊಂಡು ನುಡಿಸುವ ಪಂಥವೊಂದಿದೆ, ಕಂಟ್ರೋಲರಿಸಂ ಎಂದು ಅದಕ್ಕೆ ಹೆಸರು. ಅಮೆರಿಕದ ಮೋಲ್ಡೋವರ್ ಅದರ ಹಿರಿಯರಲ್ಲಿ ಒಬ್ಬರು. ಆ ಪಂಥದವರಿಗೆ ಇದು ಸಲ್ಲುತ್ತದೆ, ಜನ ಅವರ ಕೈಯನ್ನು ನೋಡಲೆಂದೇ ಬಂದಿರುತ್ತಾರೆ. ಛತ್ರದಲ್ಲಿ ನಿಮ್ಮ ಕೈ ಯಾರಿಗೂ ಕಾಣುವುದಿಲ್ಲ, ನಿಮ್ಮ ಮುಂದೆ ಹೂವಿನ ಕುಂಡ ಇಟ್ಟಿರುತ್ತಾರೆ. ಪೆಟ್ಟಿಗೆಯನ್ನು ವಾಲಿಸಿ ಫಿಲ್ಟರ್ ಅರ್ಧಕ್ಕೆ ತಂದು, ಅಷ್ಟರಲ್ಲಿ ಯಾರೋ ಮೈಕ್ ಕೇಳಿದರೆಂದು ಹಾಗೇ ಕೆಳಗಿಟ್ಟಿರೋ, ಫಿಲ್ಟರ್ ಎಲ್ಲಿ ನಿಲ್ಲುತ್ತದೋ ದೇವರೇ ಬಲ್ಲ. ನಾಬ್ ಇದ್ದರೆ ಕಣ್ಣಿಗೆ ಕಾಣುತ್ತದೆ. ಈ ಒಂದು ಸೌಲಭ್ಯಕ್ಕೆ ದುಡ್ಡು ಹಾಕಬೇಡಿ.

ದುಡ್ಡು ಹಾಕಲೇಬೇಕಾದದ್ದು ಬೆಳಕಿಗೆ. ಬಣ್ಣದ ಚೆಂದಕ್ಕಲ್ಲ. ತೀರಾ ಅಗ್ಗದ ಪೆಟ್ಟಿಗೆಗಳಲ್ಲಿ ಬಟನ್ ಒತ್ತಿದಾಗ ದೀಪವನ್ನು ಪೆಟ್ಟಿಗೆಯೇ ಹತ್ತಿಸಿಕೊಳ್ಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಏನು ನಡೆದಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ನೀವು ಒಂದು ಲೂಪನ್ನು ಪೆಟ್ಟಿಗೆಯಿಂದ ಶುರು ಮಾಡಿ ಡಿಡಿಜೆಯ ಬಟನ್ನಿನಿಂದ ನಿಲ್ಲಿಸಿದಿರಿ ಅನ್ನಿ. ಲೂಪ್ ನಿಂತಿದೆ, ಪೆಟ್ಟಿಗೆಯ ದೀಪ ಇನ್ನೂ ಉರಿಯುತ್ತಿದೆ. ಬಟನ್ ತನ್ನೊಳಗೇ ಆನ್-ಆಫ್ ಲೆಕ್ಕ ಇಡುವ ಜಾತಿಯದಾದರೆ ಮುಂದಿನ ಸಲ ಎರಡು ಬಾರಿ ಒತ್ತಬೇಕು, ಮೊದಲನೆಯದು ದೀಪ ಆರಿಸಲಿಕ್ಕೇ ಹೋಗುತ್ತದೆ. ಒಳ್ಳೆಯ ಪೆಟ್ಟಿಗೆಯಲ್ಲಿ ದೀಪಕ್ಕೆ ಅಪ್ಪಣೆ ಬರುವುದು ಸಾಫ್ಟ್‌ವೇರ್‌ನಿಂದ. ಲೂಪ್ ಓಡುತ್ತಿದ್ದರೆ ಹಸಿರು, ನಿಂತರೆ ಆರಿತು, ಯಾರೇ ನಿಲ್ಲಿಸಿರಲಿ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ದೀಪಗಳು ಹೊರಗಿನಿಂದ ಬರುವ ಮಿಡಿಗೆ ಹತ್ತುತ್ತವೆಯೇ? ಎರಡನೆಯದು: ಬಟನ್ ಒತ್ತಿದಾಗ ಒಂದು ಸಂದೇಶ, ಬಿಟ್ಟಾಗ ಇನ್ನೊಂದು ಕಳಿಸುತ್ತದೆಯೇ? ಹಿಡಿದಿರುವಷ್ಟು ಹೊತ್ತು ಮಾತ್ರ ಎಫೆಕ್ಟ್ ಬೇಕೆಂದರೆ ಬಿಟ್ಟದ್ದೂ ಸಾಫ್ಟ್‌ವೇರ್‌ಗೆ ತಿಳಿಯಬೇಕು.

‘ದುಬಾರಿಯದು ಬೇಗ ಸ್ಪಂದಿಸುತ್ತದೆ ಸಾರ್’ ಎಂದು ಅಂಗಡಿಯವರು ಹೇಳಬಹುದು. ನಂಬಬೇಡಿ. ಹಳೆಯ ಐದು ಪಿನ್ನಿನ ಮಿಡಿ ಕೇಬಲ್ಲಿನಲ್ಲೂ ಒಂದು ನೋಟ್ ಸಂದೇಶ ತಲುಪಲು ಹಿಡಿಯುವುದು ಸುಮಾರು 1 ಮಿಲಿಸೆಕೆಂಡ್. ತಡವಾಗುವುದು ಲ್ಯಾಪ್‌ಟಾಪ್ ದನಿಯನ್ನು ಸ್ವಲ್ಪ ಕೂಡಿಟ್ಟು ಹೊರಬಿಡುವ ಆಡಿಯೋ ಬಫರ್‌ನಲ್ಲಿ. 44,100 ಹರ್ಟ್ಸ್‌ನಲ್ಲಿ 512 ಸ್ಯಾಂಪಲ್ (ಇಲ್ಲಿ ಅದರ ಅರ್ಥ ದನಿಯ ಒಂದೊಂದು ಅಳತೆ) ಬಫರ್ ಅಂದರೆ 11.6 ಮಿಲಿಸೆಕೆಂಡ್, 128 ಇಟ್ಟರೆ 2.9. 128 ಬಿಪಿಎಂ (ನಿಮಿಷಕ್ಕೆ 128 ಬೀಟ್) ಹಾಡಿನಲ್ಲಿ ಒಂದು ಬೀಟ್ 469 ಮಿಲಿಸೆಕೆಂಡ್, ಅದರ ಕಾಲು ಭಾಗ 117. ಕ್ಯೂ ಒತ್ತುವವರಿಗೆ ಹನ್ನೊಂದೂ ಒಂದೇ ಮೂರೂ ಒಂದೇ. ತಮಟೆ ನುಡಿಸುವವರು ಬಫರ್ ಇಳಿಸಲಿ, ದನಿ ಒಡೆಯತೊಡಗಿದರೆ ಒಂದು ಮೆಟ್ಟಿಲು ಏರಿಸಲಿ.

‘ಮುಂದೆ ಬೇಕಾಗಬಹುದು’ ಅಂದಿರಲ್ಲ, ಆ ಮುಂದಕ್ಕೆ ಎರಡು ದಾರಿ ಇವೆ. ಬೆಂಗಳೂರಿನ ಕ್ಲಬ್‌ಗಳ ಕಡೆ ಹೋಗುವ ಆಸೆ ಇದ್ದರೆ ಅಲ್ಲಿ ಕಾಯುತ್ತಿರುವುದು ಸಿಡಿಜೆ ಎಂಬ ಪಯೋನಿಯರ್ ಪ್ಲೇಯರ್. 2001ರ ಸಿಡಿಜೆ-1000ದಲ್ಲಿ ಮೂರೇ ಹಾಟ್ ಕ್ಯೂ ಇದ್ದವು, 2020ರ ಸಿಡಿಜೆ-3000ಕ್ಕೆ ಬರುವಷ್ಟರಲ್ಲಿ ಪರದೆಯ ಕೆಳಗೆ ಎಂಟಾದವು. ಅಲ್ಲಿಗೆ ಪೆನ್‌ಡ್ರೈವ್ ತೆಗೆದುಕೊಂಡು ಹೋಗುತ್ತೀರಿ, ಲ್ಯಾಪ್‌ಟಾಪೇ ಇಲ್ಲ ಅಂದಮೇಲೆ ನಿಮ್ಮ ಪೆಟ್ಟಿಗೆ ಮನೆಯಲ್ಲೇ. 64 ಬಟನ್‌ಗೆ ಒಗ್ಗಿದ ಕೈ ಅಲ್ಲಿ ಒದ್ದಾಡುತ್ತದೆ, ಎಂಟಕ್ಕೆ ಒಗ್ಗಿದ ಕೈಗೆ ಹೊಸದೇನಿಲ್ಲ. ಇನ್ನೊಂದು ದಾರಿ, ಹಾಡನ್ನು ತುಂಡುತುಂಡಾಗಿ ಕಟ್ಟಿ ಸ್ಥಳದಲ್ಲೇ ರೀಮಿಕ್ಸ್ ಮಾಡುವುದು. ಏಬಲ್ಟನ್ ಲೈವ್ ಎಂಬ ಸಾಫ್ಟ್‌ವೇರ್‌ಗೆ ಹೋಗುವುದಾದರೆ 64ರ ಗ್ರಿಡ್ ಖಂಡಿತ ಬೇಕು, ಆಗ ದೊಡ್ಡದೇ ಸರಿ. ಟ್ರಾಕ್ಟರ್ ಎಂಬ ಡಿಜೆ ಸಾಫ್ಟ್‌ವೇರ್ ಬಳಸುವವರಿಗೆ ಅದೇ ಕೆಲಸಕ್ಕೆ 2012ರಲ್ಲಿ ಬಂದ ಕಂಟ್ರೋಲ್ ಎಫ್-1 ಇದೆ: 16 ಪ್ಯಾಡ್, ಮೇಲೆ ನಾಲ್ಕು ಫೇಡರ್, ಒಂದು ಕಂಬಸಾಲಿಗೆ ಒಂದು ಫೇಡರ್. ಕಣ್ಣು ಮುಚ್ಚಿಯೂ ಗೊತ್ತಾಗುವ ಜೋಡಣೆ.

ದೊಡ್ಡದರಲ್ಲಿ ನಿಮಗೆ ಹೊಂದುವುದು ನನಗೆ ತೋರುವಂತೆ ಒಂದೇ. ಪಯೋನಿಯರ್‌ನವರದೇ ಡಿಡಿಜೆ-ಎಕ್ಸ್‌ಪಿ2. ಅದರಲ್ಲಿ 32 ಪ್ಯಾಡ್, ಒಂದೊಂದು ಬದಿಗೆ 16. ರೆಕಾರ್ಡ್‌ಬಾಕ್ಸ್‌ಗೂ ಸೆರಾಟೋ ಡಿಜೆ ಪ್ರೋಗೂ ಸಿದ್ಧವಾಗಿ ಬರುತ್ತದೆ, ಯಾವ ಬಟನ್‌ಗೆ ಯಾವ ಕೆಲಸ ಎಂದು ಮ್ಯಾಪಿಂಗ್ ಮಾಡುತ್ತ ಕೂರಬೇಕಿಲ್ಲ. ಜಾಗ ಹೆಚ್ಚಿರುವುದರಿಂದ ಮೋಡ್ ಓಡಾಟ ಕಡಿಮೆ. ಆದರೆ ದಪ್ಪ ಚೀಲ ಬೇಕು, ಛತ್ರದವರು ಕೊಡುವ ಪುಟ್ಟ ಮೇಜಿನ ಮೇಲೆ ಅದಕ್ಕೆ ಜಾಗ ಹುಡುಕಬೇಕು.

ದುಡ್ಡು ಬಿಚ್ಚುವ ಮೊದಲು ಎರಡು ವಾರ ಇದನ್ನು ಮಾಡಿ. ಮನೆಯಲ್ಲಿ ಹಳೆಯ ಯುಎಸ್‌ಬಿ ಕೀಬೋರ್ಡ್ ಇದ್ದರೆ ರೆಕಾರ್ಡ್‌ಬಾಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಎಂಟು ಕೀಗಳಿಗೆ ಎಂಟು ಕೆಲಸ ಹಚ್ಚಿ, ಮೇಲೆ ಚೀಟಿ ಅಂಟಿಸಿ. ಮೂರು ಕೀ ಒಟ್ಟಿಗೆ ಒತ್ತಿದರೆ ಅಗ್ಗದ ಕೀಬೋರ್ಡ್ ಒಂದನ್ನು ನುಂಗಬಹುದು, ಒಳಗಿನ ತಂತಿಗಳ ಜಾಲ ಹಾಗಿರುತ್ತದೆ, ಕಂಗಾಲಾಗಬೇಡಿ. ಪ್ರತಿ ಕಾರ್ಯಕ್ರಮದ ನಂತರ ಯಾವ ಕೀ ಎಷ್ಟು ಸಲ ಬಳಸಿದಿರಿ ಅಂತ ಬರೆದಿಡಿ. ಎಂಟೂ ಸಾಲದೆ ಕೈ ಪರದಾಡಿದರೆ 16ರ ಪೆಟ್ಟಿಗೆ ತನ್ನಿ. ಮೂರೇ ಕೀ ಸವೆದಿದ್ದರೆ ಆ ದುಡ್ಡಲ್ಲಿ ಒಳ್ಳೆಯ ಹೆಡ್‌ಫೋನ್ ಕೊಳ್ಳಿ. ಇಷ್ಟನ್ನು ಮಾಡುವಾಗಲೇ ನಿಮ್ಮ ರೆಕಾರ್ಡ್‌ಬಾಕ್ಸ್‌ನಲ್ಲಿ ಮಿಡಿ ಕಿಟಕಿ ತೆರೆದು ಹೊರಗಿನ ಪೆಟ್ಟಿಗೆಯನ್ನು ಕಲಿಸಲು ಬಿಡುತ್ತದೆಯೇ ಎಂದು ನೋಡಿಕೊಳ್ಳಿ. ಸ್ನೇಹಿತರ ಯಾವುದಾದರೂ ಮಿಡಿ ಸಾಧನ ಅರ್ಧ ಗಂಟೆ ಎರವಲು ತಂದರೆ ಸಾಕು. ಮಾಡಿದ ಮ್ಯಾಪಿಂಗನ್ನು ಸಿಎಸ್‌ವಿ ಫೈಲ್ ಆಗಿ ಹೊರತೆಗೆದು ಪೆನ್‌ಡ್ರೈವ್‌ಗೆ ಹಾಕಿಡಿ.

ಕೊಳ್ಳುವಾಗ ಡ್ರೈವರ್ ಬೇಡದೆ ಚುಚ್ಚಿದ ಕೂಡಲೇ ಕೆಲಸ ಮಾಡುವುದನ್ನೇ ಆರಿಸಿ. ಕಂಪನಿ ಆ ಮಾಡೆಲ್ ಕೈಬಿಟ್ಟರೂ ಪೆಟ್ಟಿಗೆ ಬದುಕಿರುತ್ತದೆ. ಹಬ್ ಬಳಸುವುದಾದರೆ ಲೆಕ್ಕ ಇರಲಿ: ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪ್, ಬಣ್ಣದ ದೀಪಗಳು ಅದನ್ನು ಚೆನ್ನಾಗಿಯೇ ಕುಡಿಯುತ್ತವೆ. ಡಿಡಿಜೆಗೆ ನೇರ ಒಂದು ಕಿಂಡಿ, ಪೆಟ್ಟಿಗೆಗೆ ಇನ್ನೊಂದು. ಸೆಕೆಂಡ್ ಹ್ಯಾಂಡ್ ಆದರೆ 16 ಬಟನ್ನನ್ನೂ ಮೂರು ಮೂರು ಸಲ ಒತ್ತಿ ನೋಡದೆ ಕಾಸು ಕೊಡಬೇಡಿ. ಆರ್ಕೇಡ್ ಬಟನ್ ಕೆಟ್ಟರೆ ಚಿಂತೆಯಿಲ್ಲ, ಬೆಸುಗೆ ಬಲ್ಲವರು ಬದಲಿಸಿಕೊಡುತ್ತಾರೆ. ಬೆಂಗಳೂರಿಗೆ ಬಂದಾಗ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ. ರಬ್ಬರ್ ಪ್ಯಾಡಿನ ಒಳಪದರ ಸತ್ತರೆ ಆ ಭಾಗ್ಯ ಇಲ್ಲ.

ನಿಮಗೆ ನನ್ನ ಸಲಹೆ: 16 ಬಟನ್, ಒಂದೇ ಬ್ಯಾಂಕ್, ಸಾಫ್ಟ್‌ವೇರ್‌ನಿಂದ ಹತ್ತುವ ದೀಪ. ತಮಟೆ ನುಡಿಸುವುದಾದರೆ ಮಾತ್ರ ಪಕ್ಕಕ್ಕೆ ಎಂಟು ಪ್ಯಾಡಿನ ಒಂದು ಸಣ್ಣದು. ಎರಡೂ ಸೇರಿದರೂ ನೀವು ಹೇಳಿದ ದೊಡ್ಡದರ ಬೆಲೆ ಆಗಲಾರದು.

ಕತ್ತಲ ವಿಷಯ ಕೇಳಿದ್ದಿರಿ. ಕೀಬೋರ್ಡಿನ ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬು ಇರುತ್ತದೆ, ನೋಡಿ. ಬೆರಳು ಅದನ್ನು ಹಿಡಿದು ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಅದೇ ಉಪಾಯ ಇಲ್ಲೂ ನಡೆಯುತ್ತದೆ. ಮನೆಯಲ್ಲಿ ಕೇಳಿ ನಾಲ್ಕು ಸ್ಟಿಕ್ಕರ್ ಬಿಂದಿ ತೆಗೆದುಕೊಳ್ಳಿ, ಕಲ್ಲು ಕೂರಿಸಿದ್ದಾದರೆ ಇನ್ನೂ ಒಳ್ಳೆಯದು. ನಡುವಿನ ನಾಲ್ಕು ಬಟನ್‌ಗಳ ಮೇಲೆ ಒಂದೊಂದು ಅಂಟಿಸಿ. ಬೆವರಿಗೆ ತಿಂಗಳಿಗೊಮ್ಮೆ ಉದುರುತ್ತವೆ, ಚೀಲದಲ್ಲಿ ಒಂದು ಹಾಳೆ ಹೆಚ್ಚಿಗೆ ಇಟ್ಟುಕೊಂಡಿರಿ.